ಡೊರೊತಿ ಬರೆಯದ ಸಂಜೆಗಳು

ಏಳು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ‘ಗೊತ್ತಿಲ್ಲ ಬಾಯಮ್ಮ’ ಎಂದವಳನ್ನೇ ಡೊರೊತಿ ಕೆಲಸಕ್ಕೆ ಆರಿಸಿದಳು. ಬೇಕೆಂದೇ ಆರಿಸಿದಳು.

ಅವಳಿಗಿಂತ ಮುಂಚೆ ಇಬ್ಬರನ್ನು ಫೋನಿನ ಪರದೆಯಲ್ಲಿ ನೋಡಿ ಆಗಿತ್ತು. ಒಬ್ಬಳು ಕೊಟ್ಟಾಯಂ ಕಡೆಯ ನರ್ಸ್. ಎಂಟು ವರ್ಷ ರಿಯಾದಿನಲ್ಲಿ ದುಡಿದು ಅರಬ್ಬಿಯನ್ನು ಅರಳು ಹುರಿದಂತೆ ಮಾತಾಡುವವಳು. ಇನ್ನೊಬ್ಬಳು ಮನಿಲಾದವಳು, ಬಿದ್ದುಹೋದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವುದನ್ನೇ ಓದಿ ಬಂದವಳು, ನಕ್ಕರೆ ಪರದೆ ತುಂಬ ಬೆಳಕು. ಇಬ್ಬರೂ ಡೊರೊತಿಗೆ ಬೇಡವಾದರು. ಮೊದಲನೆಯವಳಿಗೆ ಬಾಯಿ ಜಾಸ್ತಿ, ಎರಡನೆಯವಳು ವರ್ಷದೊಳಗೆ ಕೆನಡಾಕ್ಕೆ ಹಾರುವ ಹಕ್ಕಿ ಎಂದು ಮನೆಯ ಮಗಳು ಶೈಮಾಳಿಗೆ ಒಪ್ಪಿಸಿದಳು.

ಮೂರನೆಯವಳು ಹಲೀಮ. ಮಂಗಳೂರು ಪಕ್ಕದ ತೊಕ್ಕೊಟ್ಟಿನ ಬ್ಯಾರಿ ಮುಸ್ಲಿಂ ಹೆಂಗಸು, ಇಪ್ಪತ್ತೆಂಟರ ಪ್ರಾಯ, ದೇರಳಕಟ್ಟೆಯ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಆಯಾ ಕೆಲಸ. ಓದಿದ್ದು ಏಳನೆಯವರೆಗೆ. ಫೋನನ್ನು ಹೇಗೆ ಹಿಡಿದಿದ್ದಳೆಂದರೆ ಅರ್ಧ ಸಂದರ್ಶನ ಅವಳ ಮನೆಯ ಸೀಲಿಂಗ್ ಫ್ಯಾನಿನ ಜೊತೆಗೇ ನಡೆಯಿತು.

“ಇಂಗ್ಲಿಷ್ ಬರೀಲಿಕ್ಕೆ ಬರ್ತದಾ?”

“ಗೊತ್ತಿಲ್ಲ ಬಾಯಮ್ಮ.”

“ಅರಬ್ಬಿ?”

“ಮಾತಾಡ್ಲಿಕ್ಕೆ ಗೊತ್ತಿಲ್ಲ ಬಾಯಮ್ಮ.”

ಡೊರೊತಿಗೆ ಬೇಕಾಗಿದ್ದದ್ದು ಆ ‘ಗೊತ್ತಿಲ್ಲ’ ಒಂದೇ. ಅದರ ಹಿಂದಿದ್ದ ‘ಮಾತಾಡ್ಲಿಕ್ಕೆ’ ಅವಳ ಕಿವಿಯ ಪಕ್ಕದಲ್ಲಿ ಹಾದು ಹೋಯಿತು. ಮರುದಿನವೇ ಹಮ್ದಾನ್ ಸ್ಟ್ರೀಟಿನ ಟೈಪಿಂಗ್ ಸೆಂಟರಿಗೆ ಹೋಗಿ ವೀಸಾದ ಕಾಗದಗಳನ್ನು ಮಾಡಿಸಿ ಬಂದಳು.

ಹೀಗೆ ಆಳು ಆರಿಸುವ ಅಧಿಕಾರ ಕಿನ್ನಿಗೋಳಿಯ ಕ್ರೈಸ್ತ ಬಾಯಮ್ಮ ಡೊರೊತಿಯ ಕೈಗೆ ಬಂದದ್ದಕ್ಕೆ ಒಂದು ಹಿನ್ನೆಲೆಯಿತ್ತು. ಅಬುಧಾಬಿಯ ಹೊರವಲಯ ಬನಿಯಾಸಿನ ಈ ವಿಲ್ಲಾದಲ್ಲಿ ಅವಳಿಗೆ ಹತ್ತೊಂಬತ್ತು ವರ್ಷ. ಮನೆಯ ಯಜಮಾನಿ ಉಮ್ ಸುಹೈಲ್. ಮನೆಕೆಲಸದವರ ಬಾಯಲ್ಲಿ ‘ಮಾಮಾ’, ಅಂದರೆ ಅಮ್ಮ. ಕಳೆದ ವರ್ಷ ಮಾಮಾಗೆ ಲಕ್ವ ಹೊಡೆದು ಬಲಭಾಗ ಬಿದ್ದಿತು. ಕಣ್ಣುಗಳು ಸಕ್ಕರೆ ಕಾಯಿಲೆಗೆ ಮೊದಲೇ ಹೋಗಿದ್ದವು. ಸರಕಾರದ ಆರೋಗ್ಯ ಕಾರ್ಡಿನ ಮೇಲೆ ಒಂದು ಏಜೆನ್ಸಿ ನರ್ಸುಗಳನ್ನು ಕಳಿಸುತ್ತಿತ್ತು, ತಿಂಗಳಿಗೊಂದು ಹೊಸ ಮುಖ. ಮುಖ ಕಾಣದ ಮಾಮಾಗೆ ತಿಂಗಳಿಗೊಂದು ಹೊಸ ಕೈ. ಗುರುತಿಲ್ಲದ ಕೈಯಿಂದ ಅವರು ಒಂದು ಚಮಚ ಗಂಜಿಯನ್ನೂ ಕುಡಿಯುತ್ತಿರಲಿಲ್ಲ. ಕೊನೆಗೆ ಶೈಮಾ ಕಚೇರಿ ಕಚೇರಿ ತಿರುಗಿ ಒಪ್ಪಿಗೆ ತಂದಳು: ಮನೆಯವರೇ ತಮಗೆ ಬೇಕಾದವರನ್ನು ಆರಿಸಿ ಇಟ್ಟುಕೊಳ್ಳಬಹುದು, ಸಂಬಳ ಕಾರ್ಡಿನದು. ಆದರೆ ದಿನದಿನದ ಆರೈಕೆಗೆ ಒಂದು ಪುಸ್ತಕ ಇಡಬೇಕು, ಮೂರು ತಿಂಗಳಾದ ಮೇಲೆ ಇಲಾಖೆಯ ನರ್ಸ್ ಬಂದು ನೋಡಿ ವರದಿ ಬರೆಯುತ್ತಾಳೆ.

ಆ ವರದಿಯ ಮೇಲೆ ಮನೆಯಲ್ಲಿ ಒಂದು ಪಂದ್ಯವೇ ಕಟ್ಟಿತ್ತು. ಮಗ ಸುಹೈಲ್ ದುಬೈಯಲ್ಲಿರುವವನು. ತಾಯಿಯನ್ನು ತನ್ನ ಮನೆ ಹತ್ತಿರದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಬೇಕು, ಅಲ್ಲಿ ಯಂತ್ರಗಳಿವೆ, ಡಾಕ್ಟರುಗಳಿದ್ದಾರೆ ಎನ್ನುವುದು ಅವನ ಹಟ. ತಂಗಿಯದು ಮನೆಯೇ ಆಗಬೇಕೆಂಬ ಹಟ. ಮೂರು ತಿಂಗಳಲ್ಲಿ ಬಲಗೈ ಒಂದಿಷ್ಟಾದರೂ ಎದ್ದರೆ ಮನೆ, ಏಳದಿದ್ದರೆ ಕೇಂದ್ರ ಎಂದು ಅಣ್ಣತಂಗಿ ಒಪ್ಪಿಕೊಂಡರು. ಕೇಂದ್ರಕ್ಕೆ ಹೋದರೆ ಡೊರೊತಿಗೆ ಮಾಮಾ ಇಲ್ಲ. ಐವತ್ನಾಲ್ಕನೆಯ ವಯಸ್ಸಿನಲ್ಲಿ ಊರಿಗೆ ಹೋಗಿ ಅಣ್ಣನ ಹೆಂಡತಿಯ ಅಡುಗೆಮನೆಯಲ್ಲಿ ಅತಿಥಿಯಾಗುವುದು ಅವಳಿಗೆ ಸಮಸ್ಯೆಯೇ ಅಲ್ಲ ಅಂತಲ್ಲ. ಆದರೆ ನಿಜವಾಗಿ ಎದೆಯಲ್ಲಿ ಕಚ್ಚುತ್ತಿದ್ದದ್ದು ಬೇರೆ. ಆ ಮುದುಕಿಯ ಮೈಯ ಪ್ರತಿಯೊಂದು ಮಡಿಕೆ ಅವಳಿಗೆ ಗೊತ್ತು. ‘ಡೊರೊ’ ಎಂದು ಕರೆಯುವವರು ಲೋಕದಲ್ಲಿ ಆ ಒಬ್ಬರೇ.

ಶೈಮಾ ಕೆಲಸ ಮಾಡುವುದು ದುಬೈಯಲ್ಲಿ. ಬೆಳಿಗ್ಗೆ ಆರಕ್ಕೆ ಕಾರು ಹತ್ತಿದರೆ ವಾಪಸು ಬರುವುದು ರಾತ್ರಿ ಎಂಟಕ್ಕೆ. ಅಷ್ಟರಲ್ಲಿ ಮಾಮಾ ನಿದ್ದೆ ಹೋಗಿರುತ್ತಾರೆ. ಹಾಗಾಗಿ ಡೊರೊತಿಯನ್ನೇ ಉಸ್ತುವಾರಿ ಮಾಡಿದಳು. ಪಾಳಿ ಹಾಕುವುದು ಡೊರೊತಿ, ಕೆಲಸ ಕಲಿಸುವುದು ಡೊರೊತಿ, ಪುಸ್ತಕ ಬರೆಯುವುದು ಡೊರೊತಿ. ಬೆಳಿಗ್ಗೆ ಆರರಿಂದ ಎರಡರವರೆಗೆ ತಾನು, ಎರಡರಿಂದ ಹತ್ತರವರೆಗೆ ಹೊಸಬಳು. ಶನಿವಾರ ಭಾನುವಾರ ಸಂಜೆ ಮಗಳೇ ತಾಯಿಯ ಹತ್ತಿರ, ಹೊಸಬಳಿಗೆ ರಜೆ. ಸ್ನಾನ, ಊಟ, ವ್ಯಾಯಾಮ, ಚರ್ಚಿನ ಹಾಡು ಗುನುಗುತ್ತ ತಲೆ ಬಾಚುವುದು, ಎಲ್ಲ ಬೆಳಗಿನ ಪಾಳಿಗೆ. ಸಂಜೆಗೆ ಉಳಿದದ್ದು ಮಗ್ಗುಲು ಬದಲಿಸುವುದು, ಡೈಪರು, ನೀರು, ಕಾಯುವುದು. ಪಾಳಿಯ ಪಟ್ಟಿ ಬರೆದು ಮುಗಿಸಿದಾಗ ಡೊರೊತಿಗೆ ತನ್ನ ಜಮೀನಿಗೆ ಬೇಲಿ ಹಾಕಿ ಮುಗಿಸಿದವರ ಸಮಾಧಾನ.

ಹಲೀಮ ಬಂದಳು. ಮೊದಲ ನಾಲ್ಕು ವಾರ ಡೊರೊತಿಯ ಬೇಲಿ ಗಟ್ಟಿಯಾಗಿಯೇ ಇತ್ತು. ಇಬ್ಬರ ನಡುವಿನ ಭಾಷೆ ತುಳು. ಒಬ್ಬಳ ಮನೆಮಾತು ಕೊಂಕಣಿ, ಇನ್ನೊಬ್ಬಳದು ಬ್ಯಾರಿ, ತುಳು ನಡುವಿನ ಅಂಗಳ. ಹಲೀಮ ಹೇಳಿದ್ದಕ್ಕೆಲ್ಲ ತಲೆ ಆಡಿಸುವವಳು. ಏರಿಳಿಯುವ ಮಂಚದ ಬಟನು ಒತ್ತಲು ಹೆದರಿ ತೋಳಿನಿಂದಲೇ ಮಾಮಾರನ್ನು ಎತ್ತಿ ಕೂರಿಸುವವಳು. ಮಾಮಾ ಏನಾದರೂ ಗೊಣಗಿದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಬಾಗಿಲಿಗೆ ಓಡಿ ಬಂದು “ಬಾಯಮ್ಮ, ಎಂತ ಹೇಳಿದ್ದು ಅವರು?” ಎನ್ನುತ್ತಿದ್ದಳು. ಡೊರೊತಿ ಕೈಯಲ್ಲಿದ್ದ ಕೆಲಸ ಬಿಟ್ಟು, ನಿಧಾನವಾಗಿ ಕೈ ಒರೆಸಿಕೊಂಡು, ಅರ್ಥ ಹೇಳುತ್ತಿದ್ದಳು. ಆ ನಿಧಾನದಲ್ಲಿ ಒಂದು ಸುಖವಿತ್ತು.

ಅಕ್ಟೋಬರ್ ಒಂಬತ್ತು, ಗುರುವಾರ. ಹಗಲಿಡೀ ಕುರಾನ್ ಓದುತ್ತಿದ್ದ ಟಿ.ವಿ. ಅಂದು ಕೆಟ್ಟು ನಿಂತಿತ್ತು. ಡೊರೊತಿ ಪಕ್ಕದ ಕೋಣೆಯಲ್ಲಿ ತೇರ್ಸಿನ ಜಪಮಣಿ ಹಿಡಿದು ಪ್ರಾರ್ಥನೆಗೆ ಕೂತಿದ್ದಳು. ಸಂಜೆಯ ಮಗ್ರಿಬ್ ನಮಾಜಿನ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿರಬಹುದು, ಗೋಡೆಯಾಚೆ ಒಂದು ಧ್ವನಿ ಏಳತೊಡಗಿತು. ಟಿ.ವಿ.ಯ ದಪ್ಪ ಗಂಡುಧ್ವನಿಯಲ್ಲ. ತೆಳ್ಳಗೆ, ಮೂಗಿನಲ್ಲಿ ತುಸು ರಾಗ, ಮಕ್ಕಳು ಸಾಲಾಗಿ ಕೂತು ಕಲಿತ ಪಾಠದ ಓಟ. ಹಲೀಮ ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದಳು. ಪುಸ್ತಕವಿಲ್ಲದೆ, ಬಾಯಿಪಾಠ. ಊರಿನಲ್ಲಿ ಅವಳ ಮನೆಯಲ್ಲಿ ಗುರುವಾರ ಸಂಜೆ ಎಲ್ಲರೂ ಓದುವುದಂತೆ. ಯಾರಿಗಾಗಿಯೂ ಅಲ್ಲ, ಅಭ್ಯಾಸಬಲದಿಂದ ಓದಿದ್ದಳು.

ಡೊರೊತಿಯ ಬೆರಳು ಮಣಿಯ ಮೇಲೆ ನಿಂತುಬಿಟ್ಟಿತು. ಎಷ್ಟನೆಯ ಮಣಿ ಎಂದು ಮರೆತಳು. ಮದ್ರಸ! ಬೀದಿಗೊಂದು ಮದ್ರಸ ಇರುವ ಊರಿನಿಂದ ಹೆಂಗಸನ್ನು ಕರೆಸಿ, ಅರಬ್ಬಿ ಗೊತ್ತಿಲ್ಲದವಳು ಎಂದು ಹಿಗ್ಗಿದ್ದಳು. ಕಿನ್ನಿಗೋಳಿಯಲ್ಲಿ ಬ್ಯಾರಿಗಳ ಮಕ್ಕಳ ಜೊತೆಯಲ್ಲೇ ಬೆಳೆದವಳು; ಬೆಳಿಗ್ಗೆ ಶಾಲೆಗೆ ಮುಂಚೆ ತಲೆಗೆ ವಸ್ತ್ರ ಸುತ್ತಿ ಸಾಲಾಗಿ ಹೋಗುವ ಹುಡುಗಿಯರನ್ನು ಕಂಡವಳು. ಅಷ್ಟು ಸಣ್ಣ ವಿಷಯ ತನ್ನ ತಲೆಗೆ ಹೊಳೆಯಲಿಲ್ಲವಲ್ಲ.

ಬಟ್ಟೆ ಮಡಚುವ ನೆಪ ಮಾಡಿಕೊಂಡು ಕೋಣೆಗಳ ನಡುವಿನ ಓಣಿಗೆ ಬಂದು ಬಾಗಿಲ ಸಂದಿಯಿಂದ ನೋಡಿದಳು. ತಿಂಗಳುಗಳಿಂದ ಗೋಡೆಯ ಕಡೆ ತಿರುಗಿ ಮಲಗಿದ್ದ ಮಾಮಾ ಮುಖವನ್ನು ಧ್ವನಿಯ ಕಡೆ ತಿರುಗಿಸಿದ್ದರು. ಅವರ ಎಡಗೈಯ ತೋರುಬೆರಳು ಹಾಸಿಗೆಯ ಮೇಲೆ ಟಕಟಕ ಬಡಿಯುತ್ತಿತ್ತು. ಒಂದು ಕಡೆ ಹಲೀಮ ಉಸಿರು ತೆಗೆದುಕೊಳ್ಳಬಾರದಲ್ಲಿ ತೆಗೆದುಕೊಂಡಳೋ ಏನೋ, ಬೆರಳು ಥಟ್ಟನೆ ನಿಂತು ಮೇಲೆದ್ದಿತು.

“ಲಾ,” ಎಂದರು ಮಾಮಾ. ಇಲ್ಲ. ಹಾಗಲ್ಲ.

ಅದನ್ನು ಹೇಳಿದ ಧ್ವನಿ ರೋಗಿಯದಲ್ಲ. ಡೊರೊತಿ ಈ ಮನೆಗೆ ಬಂದ ಹೊಸತರಲ್ಲಿ, ಸಂಜೆ ಅಂಗಳದ ಚಾಪೆಯ ಮೇಲೆ ನೆರೆಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಓದು ಕಲಿಸುತ್ತಿದ್ದ ಒಬ್ಬ ಹೆಂಗಸಿನ ಧ್ವನಿ. ಆಗ ಚಹಾದ ತಟ್ಟೆ ತಂದಿಟ್ಟು ಹಿಂತಿರುಗುತ್ತಿದ್ದ ಡೊರೊತಿಗೆ ಆ ಚಾಪೆಯ ಅಂಚಿನವರೆಗೆ ಮಾತ್ರ ಪ್ರವೇಶವಿತ್ತು. ಯಾರೂ ತಡೆದಿದ್ದರಿಂದಲ್ಲ; ಅವಳಿಗೆ ಅಲ್ಲಿ ಕೆಲಸವಿರಲಿಲ್ಲ, ಅಷ್ಟೇ.

ಅಂದಿನಿಂದ ಪ್ರತಿ ಸಂಜೆ ಶುರುವಾಯಿತು. ಹಲೀಮ ಓದುವುದು, ಮಾಮಾ ತಡೆಯುವುದು, ಹಲೀಮ ಮತ್ತೆ ಓದುವುದು. ಗಂಟಲಿನ ಆಳದಿಂದ ಬರಬೇಕಾದ ಒಂದು ಅಕ್ಷರ ಹಲೀಮಳ ಬಾಯಲ್ಲಿ ನಾಲಿಗೆಯ ತುದಿಯಲ್ಲೇ ಹುಟ್ಟಿ ಸಾಯುತ್ತಿತ್ತು. ಡೊರೊತಿಗೆ ಅದೇ ಅಕ್ಷರ ನೀರು ಕುಡಿದಷ್ಟು ಸಲೀಸು. ಹತ್ತೊಂಬತ್ತು ವರ್ಷ ಇದೇ ಮನೆಯಲ್ಲಿ ಕೇಳಿ ಕೇಳಿ ಗಂಟಲಿಗೆ ಇಳಿದದ್ದು. ಅದೇ ಅವಳನ್ನು ಉರಿಸಿದ್ದು. ಅವಳ ಅಡುಗೆಮನೆಯ ಅರಬ್ಬಿಯಲ್ಲಿ ಗಂಡುಹೆಣ್ಣು ಅದಲುಬದಲಾಗುತ್ತಿತ್ತು, ನಿನ್ನೆ ನಾಳೆ ಕಲಸಿಹೋಗುತ್ತಿತ್ತು. ಒಂದು ದಿನವೂ ಮಾಮಾ ತಿದ್ದಿರಲಿಲ್ಲ. ನಕ್ಕು ಬಿಟ್ಟುಬಿಡುತ್ತಿದ್ದರು. ಅದನ್ನು ಇಷ್ಟು ದಿನ ಪ್ರೀತಿ ಎಂದುಕೊಂಡಿದ್ದಳು. ತಿದ್ದುವುದು ಅದಕ್ಕಿಂತ ದೊಡ್ಡ ಪ್ರೀತಿ ಎಂದು ಈಗ ಓಣಿಯಲ್ಲಿ ನಿಂತು, ಮಡಚಿದ ಟವೆಲನ್ನೇ ಮತ್ತೆ ಮಡಚುತ್ತ, ತಿಳಿದುಕೊಂಡಳು.

ಮೊದಲ ವಾರ ಒಂದು ಸಂಜೆ ಹಲೀಮ ಎಂದಿನಂತೆ ಬಾಗಿಲಿಗೆ ಬಂದಳು. “ಬಾಯಮ್ಮ, ಅವರು ಏನೋ ಉದ್ದ ಹೇಳಿದ್ರು. ಎಂತ?”

ಮಾಮಾ ಹೇಳಿದ್ದು ಹೀಗಿತ್ತು: ಈ ಹುಡುಗಿಗೆ ಕಲಿಸಿದವರು ಯಾರೋ, ಹೊಡೆಯದೆ ಕಲಿಸಿದ್ದಾರೆ, ಧ್ವನಿಯಲ್ಲಿ ಹೆದರಿಕೆ ಇಲ್ಲ.

“ಧ್ವನಿ ತಗ್ಗಿಸಬೇಕಂತೆ,” ಎಂದಳು ಡೊರೊತಿ. “ತಲೆನೋವಾಗ್ತದಂತೆ.”

ಹಲೀಮ ನಾಚಿ ಧ್ವನಿ ತಗ್ಗಿಸಿದಳು. ಆಗ ಮಾಮಾಗೆ ಸರಿಯಾಗಿ ಕೇಳಿಸದೆ ಕೈ ಬೀಸಿ ಹತ್ತಿರ ಕರೆದರು. ಕುರ್ಚಿಯಲ್ಲಿದ್ದವಳು ಮಂಚದ ಅಂಚಿಗೆ ಬಂದಳು. ಇನ್ನೊಮ್ಮೆ ಮಾಮಾ ‘ಇವಳನ್ನು ಇನ್ನೂ ಸ್ವಲ್ಪ ಹೊತ್ತು ಓದಿಸು’ ಎಂದದ್ದನ್ನು ಡೊರೊತಿ ‘ನಿಧಾನ ಓದು, ಓಡಬೇಡ’ ಎಂದು ದಾಟಿಸಿದಳು. ಹಲೀಮ ನಿಧಾನವಾಗಿ ಓದಿದಳು. ಓದು ಚೆಂದವಾಯಿತು, ಹೊತ್ತೂ ಉದ್ದವಾಯಿತು. ಡೊರೊತಿ ಎಸೆದ ಪ್ರತಿ ಕಲ್ಲೂ ಆ ಇಬ್ಬರ ನಡುವೆ ಮೆಟ್ಟಿಲಾಗಿ ಬೀಳುತ್ತಿತ್ತು. ಹೊಟ್ಟೆಕಿಚ್ಚಿಗೆ ದೇವರು ಬುದ್ಧಿ ಕೊಟ್ಟಿದ್ದಾನೆ, ಅದೃಷ್ಟ ಕೊಟ್ಟಿಲ್ಲ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ತಡೆಯುವ ಕೆಲಸಕ್ಕೆ ಬಲಗೈಯ ಬೆರಳುಗಳೂ ಸೇರಿಕೊಂಡವು. ಅಭ್ಯಾಸ ಎಂಬುದು ಲಕ್ವಕ್ಕಿಂತ ಹಳೆಯದು. ನಲವತ್ತು ವರ್ಷ ಮಕ್ಕಳನ್ನು ತಡೆದದ್ದು ಬಲಗೈ ತಾನೆ?

ಇನ್ನು ಪುಸ್ತಕದ ವಿಷಯ. ಪ್ರತಿ ಪಾಳಿಗೆ ಒಂದು ಪುಟ, ಇಂಗ್ಲಿಷಿನಲ್ಲಿ. ಹಲೀಮಳಿಗೆ ಬರೆಯಲು ಬಾರದ್ದರಿಂದ ರಾತ್ರಿ ಎಂಟಕ್ಕೆ ಮುಂಚೆ ಅವಳ ಪುಟವನ್ನೂ ಡೊರೊತಿಯೇ ತುಂಬಿಡುತ್ತಿದ್ದಳು. ಓದು ಶುರುವಾದ ದಿನ ‘ರೋಗಿ ಶಾಂತ, ಎರಡು ಲೋಟ ನೀರು’ ಎಂದು ಬರೆದಳು. ಎರಡನೆಯ ದಿನವೂ ಶಾಂತ. ಮೂರು ವಾರ ಮಾಮಾ ಪುಸ್ತಕದಲ್ಲಿ ಶಾಂತವಾಗಿಯೇ ಇದ್ದರು. ಕಾರಿನಿಂದ ಇಳಿದು ಚಪ್ಪಲಿ ಬಿಡುವ ಮೊದಲೇ ನಿಂತಲ್ಲೇ ಪುಸ್ತಕ ಓದುವ ಶೈಮಾಳ ಮುಖ ದಿನದಿನಕ್ಕೆ ಸಣ್ಣದಾಯಿತು. ಏನೂ ಬದಲಾವಣೆ ಇಲ್ಲವಾ ಡೊರೊತಿ, ಸುಹೈಲ್ ದಿನಾ ಫೋನು ಮಾಡುತ್ತಾನೆ ಎಂದು ಒಮ್ಮೆ ಅಲ್ಲೇ ಗೋಡೆಗೆ ಒರಗಿದಳು.

ಮರುದಿನ ಡೊರೊತಿ ಬರೆದಳು: ‘ಬೆಳಿಗ್ಗೆ ಒಂಬತ್ತೂವರೆ. ವ್ಯಾಯಾಮದ ವೇಳೆ ಬಲಗೈ ಬೆರಳುಗಳು ಅಲುಗಿದವು.’ ಬೆರಳು ಅಲುಗಿದ್ದು ಸುಳ್ಳಲ್ಲ. ಹಿಂದಿನ ಸಂಜೆ ಆರಕ್ಕೆ ಅಲುಗಿದ್ದನ್ನು ಬೆಳಗಿನ ಪುಟಕ್ಕೆ ಎತ್ತಿಟ್ಟಳು, ಅಷ್ಟೇ. ಕೈ ಅದೇ ಕೈಯಲ್ಲವೆ? ಅದಕ್ಕೆ ದಿನಾ ಎಣ್ಣೆ ತಿಕ್ಕುವುದು ಯಾರು? ತಿಕ್ಕಿದ್ದು ಬೆಳಿಗ್ಗೆ, ಫಲ ಬಂದದ್ದು ಸಂಜೆ. ಗಿಡ ನೆಟ್ಟವರದ್ದೋ ಹಣ್ಣು ಬಿದ್ದಾಗ ಕೆಳಗೆ ನಿಂತವರದ್ದೋ? ಹೀಗೆ ತನ್ನೊಡನೆ ವಾದಿಸಿ ಗೆದ್ದಳು. ಶೈಮಾ ಆ ರಾತ್ರಿ ಅವಳ ಹಣೆಗೆ ಮುತ್ತಿಟ್ಟಳು. ಮುತ್ತು ಬಿದ್ದ ಜಾಗ ಮಲಗುವವರೆಗೂ ಬಿಸಿಯಾಗಿತ್ತು, ಸುಟ್ಟಂತೆ.

ಆಮೇಲೆ ಎಲ್ಲವೂ ಬೆಳಗಿನ ಪುಟಕ್ಕೇ ವರ್ಗವಾಯಿತು. ಸಂಜೆಯ ಪುಟಗಳಲ್ಲಿ ರೋಗಿ ಶಾಂತ. ಒಂದು ಶನಿವಾರ ಮಾಮಾ ಮಗಳೊಡನೆ ‘ಹುಡುಗಿ ಓದುತ್ತಾಳೆ’ ಎಂದರಂತೆ; ಟಿ.ವಿ. ಇರಬೇಕು ಎಂದು ಡೊರೊತಿ ಹೇಳಿ ಮುಗಿಸಿದಳು. ಮಕ್ಕಳ ಎದುರು ಮಾಮಾ ಕೈ ಎತ್ತುತ್ತಿರಲಿಲ್ಲ. ಎತ್ತಲು ಹೋಗಿ ಬಿದ್ದರೆ ಎಂಬ ನಾಚಿಕೆ. ಹೆತ್ತವರಿಗೆ ಅದು ಸಹಜ. ಮುಸಫ್ಫಾದ ಇಗರ್ಜಿಯಲ್ಲಿ ಪಾದ್ರಿಯ ಎದುರು ಪಾಪನಿವೇದನೆಗೆ ಕೂತಾಗ ಡೊರೊತಿ ಸಿಟ್ಟಿನ ಬಗ್ಗೆ ಹೇಳಿದಳು, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದ್ದರ ಬಗ್ಗೆ ಹೇಳಿದಳು. ಪುಸ್ತಕದ ಬಗ್ಗೆ ಹೇಳಲಿಲ್ಲ. ಅದು ಇಲಾಖೆಯ ವಿಷಯ.

ಡಿಸೆಂಬರ್ ಹದಿನೈದು, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಇಲಾಖೆಯ ನರ್ಸ್ ಬಂದಳು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಬ್ಯಾಡ್ಜು. ಬ್ಯಾಡ್ಜಿನಲ್ಲಿ ಪರ್ಲ್ ಎಂಬ ಹೆಸರು. ಡೊರೊತಿಯ ಕೊರಳಿನ ಶಿಲುಬೆಯನ್ನೂ ಅವಳ ಅರಬ್ಬಿಯ ನಡುವೆ ಇಣುಕಿದ ಕೊಂಕಣಿಯ ಒಂದು ‘ಆಂ’ಕಾರವನ್ನೂ ಗುರುತಿಸಿ, ಮಂಗಳೂರಾ ಎಂದು ಕೊಂಕಣಿಯಲ್ಲಿ ಕೇಳಿದಳು. ತಾನು ಬೊಂದೇಲಿನವಳು ಎಂದಳು. ಶೈಮಾ ರಜೆ ಹಾಕಿದ್ದಳು. ಸುಹೈಲ್ ದುಬೈಯಿಂದ ಬಂದು ತಾಯಿಯ ಕಾಲ ಬಳಿ ನಿಂತಿದ್ದ. ಹಲೀಮ ಅಡುಗೆಮನೆಯಲ್ಲಿದ್ದಳು, ಅವಳ ಪಾಳಿ ಶುರುವಾಗಿರಲಿಲ್ಲ.

ಪರ್ಲ್ ಪುಸ್ತಕ ತಿರುವಿದಳು. ಬೆಳಗಿನ ಪುಟಗಳನ್ನು ಓದಿ ಹುಬ್ಬೇರಿಸಿದಳು. ಬಲಗೈ ಎದೆಯ ಮಟ್ಟಕ್ಕೆ! ತೋರಿಸಿ ನೋಡುವಾ ಎಂದಳು.

ಡೊರೊತಿ ಮಂಚದ ಬಳಿ ಬಗ್ಗಿ, ಮಾಮಾ, ಕೈ ಎತ್ತಿ ಎಂದಳು. ಕೈ ಬಿದ್ದಲ್ಲೇ ಇತ್ತು. ಎಣ್ಣೆ ಹಚ್ಚಿ ತಿಕ್ಕಿದಳು. ಮತ್ತೆ ಕೇಳಿದಳು, ಬೇಡಿದಳು, ಮಕ್ಕಳಿಗೆ ಹೇಳುವಂತೆ ಪುಸಲಾಯಿಸಿದಳು. ಮಾಮಾ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಸುಹೈಲ್ ಗಂಟಲು ಸರಿಮಾಡಿಕೊಂಡ. ಕೇಂದ್ರದವರು ಜನವರಿ ಒಂದಕ್ಕೆ ಕೋಣೆ ಕೊಡುತ್ತಾರೆ ಎಂದು ತಂಗಿಯ ಕಡೆ ನೋಡದೆ ಹೇಳಿದ. ಶೈಮಾ ಮಾತ್ರ ಡೊರೊತಿಯನ್ನೇ ನೋಡುತ್ತಿದ್ದಳು.

ಪರ್ಲ್ ಪುಸ್ತಕ ಮುಚ್ಚಿ, ಧ್ವನಿ ತಗ್ಗಿಸಿ, ಕೊಂಕಣಿಗೆ ಇಳಿದಳು. “ಡೊರೊತಿ ಬಾಯಿ, ಎರಡು ಪಾಳಿಯ ಅಕ್ಷರವೂ ಒಂದೇ ಉಂಟು. ಕೂತಲ್ಲೇ ಬರೆದ ಪುಸ್ತಕ ನಾನು ತುಂಬ ನೋಡಿದ್ದೇನೆ. ನಿಮ್ಮ ಮೇಲೆ ದೂರು ಬರೆಯುವುದಿಲ್ಲ. ಆದರೆ ಪ್ರಗತಿ ಇಲ್ಲ ಅಂತ ಬರೀಲೇಬೇಕು.”

ಸುಮ್ಮನಿದ್ದರೂ ಮುಗಿಯುತ್ತಿತ್ತು. ಪ್ರಗತಿ ಇಲ್ಲ ಎಂದಾದರೆ ಹಲೀಮ ತೊಕ್ಕೊಟ್ಟಿಗೆ, ತಾನು ಕಿನ್ನಿಗೋಳಿಗೆ, ಮಾಮಾ ದುಬೈಗೆ. ಆ ಓದು ಅಲ್ಲಿಗೆ ನಿಲ್ಲುತ್ತಿತ್ತು. ಒಂದು ಕ್ಷಣ, ಒಂದೇ ಕ್ಷಣ, ಆ ನಿಲ್ಲುವುದು ಡೊರೊತಿಗೆ ಹಿತವಾಗಿ ಕಂಡಿತು. ಆಮೇಲೆ ದುಬೈಯ ಕೋಣೆಯಲ್ಲಿ ತಿಂಗಳಿಗೊಂದು ಗುರುತಿಲ್ಲದ ಕೈ ಮಾಮಾರ ತುಟಿಗೆ ಚಮಚ ಒತ್ತುವುದು ಕಣ್ಣಿಗೆ ಕಟ್ಟಿತು. ಹಲೀಮಳ ಕೈ ಅನ್ನುವುದನ್ನು ಹೇಗೋ ಸಹಿಸಬಹುದು. ಅದು ತಾನೇ ಆರಿಸಿದ ಕೈ.

ಅಡುಗೆಮನೆಗೆ ಹೋಗಿ ಹಲೀಮಳನ್ನು ಕರೆದಳು. ಬಂದು ಓದು ಎಂದಳು. ಹಲೀಮ ಕೋಣೆಯ ಬಾಗಿಲಲ್ಲಿ ಸುಹೈಲನನ್ನು ಕಂಡದ್ದೇ ಹಿಂದಕ್ಕೆ ಸರಿದಳು. ಪರ ಗಂಡಸಿನ ಎದುರು ಅವಳು ಧ್ವನಿ ಎತ್ತಿ ಓದುವುದಿಲ್ಲ. ಆಗುವುದಿಲ್ಲ ಬಾಯಮ್ಮ ಎಂದು ತಲೆವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿ ನಿಂತಳು.

ಡೊರೊತಿ ಸುಹೈಲನ ಎದುರು ಹೋಗಿ ನಿಂತಳು. ಅವನು ಹನ್ನೆರಡನೇ ಕ್ಲಾಸಿನಲ್ಲಿದ್ದಾಗ ಅವನ ಶಾಲೆಯ ಅಂಗಿಗೆ ಇಸ್ತ್ರಿ ಹಾಕಿದವಳು. “ನೀವು ಮಜ್ಲಿಸಿಗೆ ಹೋಗಿ ಕೂತುಕೊಳ್ಳಿ ಬಾಬಾ. ಚಹಾ ಕಳಿಸ್ತೇನೆ. ಯಲ್ಲಾ, ಬೇಗ.” ಹತ್ತೊಂಬತ್ತು ವರ್ಷದಲ್ಲಿ ಆ ಮನೆಯ ಗಂಡಸಿಗೆ ಅವಳು ಕೊಟ್ಟ ಮೊದಲ ಆಜ್ಞೆ ಅದು. ಅವನು ಬೆರಗಾಗಿ, ಅತಿಥಿಗಳ ಆ ಹಜಾರಕ್ಕೆ ಹೋದ.

ಹಲೀಮ ಮಂಚದ ಅಂಚಿಗೆ ಕೂತು ಕಣ್ಣು ಮುಚ್ಚಿ ಶುರು ಮಾಡಿದಳು. ನಾಲ್ಕನೆಯ ಸಾಲಿಗೆ ಮಾಮಾರ ಮುಖ ಗೋಡೆಯಿಂದ ಈಚೆ ಬಂತು. ಗಾಬರಿಯಲ್ಲಿ ಹಲೀಮ ಎಂದಿಗಿಂತ ಕೆಟ್ಟದಾಗಿ ಓದುತ್ತಿದ್ದಳು. ಉಸಿರು ಎಲ್ಲೆಲ್ಲೋ ಮುರಿಯುತ್ತಿತ್ತು. ಅದೇ ಒಳ್ಳೆಯದಾಯಿತು. ಮಾಮಾರ ಬಲಗೈ ಹೊದಿಕೆಯಿಂದ ಎದ್ದಿತು, ಮಣಿಕಟ್ಟು, ಮೊಣಕೈ, ಎದೆಯ ಮಟ್ಟಕ್ಕೆ ಬಂದು ಗಾಳಿಯಲ್ಲಿ ತೋರುಬೆರಳು ನೆಟ್ಟಗಾಯಿತು.

“ಲಾ. ಮತ್ತೆ. ಮೊದಲಿನಿಂದ.”

ಶೈಮಾ ಬಾಯಿಗೆ ಅಂಗೈ ಒತ್ತಿಕೊಂಡು ಕೆಳಗೆ ಕೂತುಬಿಟ್ಟಳು. ಪರ್ಲ್‌ಳ ಬೆರಳು ಟ್ಯಾಬಿ‌ನ ಮೇಲೆ ತಡೆದು ನಿಂತಿತ್ತು. ಅವಳು ಡೊರೊತಿಯನ್ನು ಗೋಡೆಯ ಬದಿಗೆ ಕರೆದಳು.

“ಇದು ಯಾರ ಪಾಳಿಯ ಕೆಲಸ ಅಂತ ಬರೀಲಿ?”

“ಅವಳದ್ದು.”

“ಯಾವತ್ತಿನಿಂದ? ದಿನಾಂಕ ಬೇಕು ಬಾಯಿ. ಪುಸ್ತಕದಲ್ಲಿ ಇಲ್ಲವಲ್ಲ.”

ಡೊರೊತಿ ಬಾಯಿ ತೆರೆದಳು. “ಅಕ್ಟೋಬರ್ ಒಂಬತ್ತು, ಗುರುವಾರ, ಆರೂ ಇಪ್ಪತ್ತು. ಮುಖ ಈಚೆ ತಿರುಗಿಸಿದರು, ಎಡಗೈ ಬೆರಳು. ಹದಿನಾಲ್ಕು, ಮಂಗಳವಾರ: ‘ಮತ್ತೆ’ ಅಂದರು, ಮೂರು ಸಲ. ಮೂವತ್ತು: ಬಲಗೈ ಬೆರಳು, ಕಿರುಬೆರಳು ಬಿಟ್ಟು. ನವೆಂಬರ್ ಹನ್ನೊಂದು, ಕಿರುಬೆರಳೂ ಸೇರಿ ಮಣಿಕಟ್ಟು ಹಾಸಿಗೆಯಿಂದ ಎದ್ದಿತು. ಹದಿನೆಂಟು, ಅವಳ ಗದ್ದ ಮುಟ್ಟಿ ಬಾಯಿ ಎಷ್ಟು ತೆರೆಯಬೇಕು ಅಂತ ತೋರಿಸಿದರು. ಇಪ್ಪತ್ತೇಳು, ಎದೆಯ ಮಟ್ಟ. ಅವತ್ತು ನಕ್ಕರು ಕೂಡ. ಡಿಸೆಂಬರ್ ನಾಲ್ಕು, ಒಂದು ಸಾಲು ಪೂರ್ತಿ ತಾವೇ ಓದಿ ಹೇಳಿಕೊಟ್ಟರು…”

ನಿಲ್ಲಲಿಲ್ಲ. ಎಷ್ಟು ಲೋಟ ನೀರು, ಯಾವ ದಿನ ಯಾವ ಕಡೆ ತಡೆದರು, ಯಾವ ದಿನ ಹಲೀಮಳ ಕೈಯನ್ನು ಎಷ್ಟು ಹೊತ್ತು ಹಿಡಿದಿದ್ದರು, ಎಲ್ಲ. ಓಣಿಯಲ್ಲಿ ಟವೆಲು ಮಡಚುತ್ತ ನಿಂತು, ಬರೆಯದೆ ಬಿಟ್ಟ ಒಂದೊಂದು ಸಂಜೆಯೂ ಅವಳೊಳಗೆ ಅಚ್ಚೊತ್ತಿ ಕೂತಿತ್ತು. ಪ್ರೀತಿಸುವವರು ದಿನಾಂಕ ಮರೆಯುತ್ತಾರೆ, ಹೊಟ್ಟೆ ಉರಿದವರು ಮರೆಯುವುದಿಲ್ಲ. ಪರ್ಲ್ ಮೊದಲು ಟೈಪು ಮಾಡಿದಳು, ಆಮೇಲೆ ಟೈಪು ಮಾಡುವುದನ್ನು ಬಿಟ್ಟು ಅವಳ ಮುಖ ನೋಡಿದಳು, ಆಮೇಲೆ ಮತ್ತೆ ತಲೆ ತಗ್ಗಿಸಿ ಟೈಪು ಮಾಡಿದಳು. ಯಾಕೆ ಬರೆಯಲಿಲ್ಲ ಎಂದು ಕೇಳಲಿಲ್ಲ. ಬೊಂದೇಲಿನವಳು, ಅವಳಿಗೂ ಅಕ್ಕತಂಗಿಯರಿದ್ದಿರಬೇಕು.

ವರದಿಯಾಯಿತು. ಮಾಮಾ ಮನೆಯಲ್ಲೇ ಇರುವುದು, ಇನ್ನೂ ಆರು ತಿಂಗಳು, ಎರಡು ಪಾಳಿ. ಮಜ್ಲಿಸಿನಿಂದ ಸುಹೈಲ್ ಬಂದು ತಾಯಿಯ ಹಣೆಗೆ ಮುತ್ತಿಟ್ಟು ದುಬೈಗೆ ಹೊರಟ. ಡೊರೊತಿ ತಾನೇ ಹೋಗಿ ಶೈಮಾಳಿಗೆ ಅರಬ್ಬಿಯಲ್ಲಿ ಹೇಳಿದಳು, ಗಂಡುಹೆಣ್ಣು ಕಲಸಿಹೋದ ಅರಬ್ಬಿಯಲ್ಲಿ: ಬೆಳಗಿನ ಪುಟಗಳಲ್ಲಿದ್ದದ್ದೆಲ್ಲ ಸಂಜೆಯಿಂದ ಕದ್ದದ್ದು ಎಂದು. ಶೈಮಾ ಪುಸ್ತಕ ಮುಚ್ಚಿದಳು. ಇನ್ನು ಮೇಲೆ ಸಂಜೆಯದ್ದನ್ನು ಹಲೀಮ ತನ್ನ ಭಾಷೆಯಲ್ಲಿ ಫೋನಿಗೆ ಹೇಳಿಡಲಿ, ಬರೆಯಲು ಬೇರೆ ಯಾರನ್ನಾದರೂ ನೋಡುತ್ತೇನೆ ಎಂದಳು. ಪುಸ್ತಕವನ್ನು ಎತ್ತಿಕೊಂಡು ಮೇಲೆ ಹೋದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಎರಡು ಗಂಟೆಯಾಯಿತು. ಹಲೀಮಳ ಪಾಳಿ. ಬೆಳಗಿನ ಗಾಬರಿ ಇಳಿಯದ ಅವಳು ಅಡುಗೆಮನೆಯ ಬಾಗಿಲಲ್ಲಿ ಡೊರೊತಿಯನ್ನು ತಡೆದಳು.

“ಬಾಯಮ್ಮ, ಆ ನರ್ಸ್‌ನ ಹತ್ರ ನನ್ನ ಬಗ್ಗೆ ಅಷ್ಟು ಹೊತ್ತು ಎಂತ ಹೇಳಿದ್ದು ನೀವು? ನನ್ನ ಕೆಲಸ ಹೋಯ್ತಾ?”

“ಇಲ್ಲ ಮಾರಾಯ್ತಿ. ಉಂಟು. ಗಟ್ಟಿ ಉಂಟು.”

ಒಳಗಿನಿಂದ ಮಾಮಾ ಕರೆದರು. ಇಬ್ಬರೂ ಹೋದರು. ಮಾಮಾ ಗಾಳಿಯಲ್ಲಿ ಕೈಯಾಡಿಸಿ ಹಲೀಮಳ ಮೊಣಕೈ ಹಿಡಿದು, ಡೊರೊತಿಯ ಹೆಜ್ಜೆಯ ಸದ್ದು ಬಂದ ಕಡೆ ಮುಖ ಮಾಡಿ ಸ್ಪಷ್ಟವಾಗಿ ಹೇಳಿದರು: ಬೆಳಿಗ್ಗೆಯೂ ಇವಳೇ ಬರಲಿ. ನನ್ನ ಹುಡುಗಿ ಇವಳು.

ಹಲೀಮ ತಿರುಗಿದಳು. “ಎಂತ ಹೇಳಿದ್ದು?”

ಆ ದಿನ ಅಷ್ಟು ನಿಜ ಹೇಳಿ ಡೊರೊತಿಯ ಬಾಯಿ ಒಣಗಿತ್ತು. ಇನ್ನೊಂದು ಉಳಿದಿರಲಿಲ್ಲ.

“ನೀರ್ ಬೋಡುಗೆ,” ಎಂದಳು ತುಳುವಿನಲ್ಲಿ. ನೀರು ಬೇಕಂತೆ.

ಹಲೀಮ ಲೋಟ ತರಲು ಓಡಿದಳು. ಡೊರೊತಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಮಾಮಾರ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಕೈ ಬೆಚ್ಚಗಿತ್ತು, ಎಣ್ಣೆಯ ಜಿಡ್ಡು ಇನ್ನೂ ಇತ್ತು. ಮಾಮಾ ಅದನ್ನು ಎಳೆದುಕೊಳ್ಳಲಿಲ್ಲ. ಕಾಣದ ಕಣ್ಣುಗಳನ್ನು ಅವಳ ಕಡೆ ತಿರುಗಿಸಿ, ಎಳೆಯ ಮಕ್ಕಳು ಹೊಸ ಪಾಠ ಒಪ್ಪಿಸುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

“ನೀರ್ ಬೊಡ್ಚಿ.”

ನೀರು ಬೇಡ. ಶುದ್ಧ ತೊಕ್ಕೊಟ್ಟಿನ ತುಳು.

ಎಷ್ಟು ದಿನಗಳಿಂದ ತುಳು ಅರ್ಥವಾಗುತ್ತಿತ್ತೋ ಇವರಿಗೆ, ತಾನು ಹೇಳಿದ ತಲೆನೋವಿನ ಸುಳ್ಳೂ ‘ನಿಧಾನ ಓದು’ ಎಂಬ ಸುಳ್ಳೂ ಎಲ್ಲ ಕೇಳಿಸಿಕೊಂಡಿದ್ದರೋ ಎಂಬುದು ಡೊರೊತಿಗೆ ಆಮೇಲೆ ಹೊಳೆದದ್ದು. ಮೊದಲು ಹೊಳೆದದ್ದು ಅದಲ್ಲ. ಹತ್ತೊಂಬತ್ತು ವರ್ಷ. ಈ ಬಾಯಲ್ಲಿ ಒಂದು ಕೊಂಕಣಿ ಪದವಿಲ್ಲ. ತಾನು ಅವರ ಭಾಷೆ ಕಲಿತದ್ದಕ್ಕೆ ಹಿಗ್ಗುತ್ತ ಹಿಗ್ಗುತ್ತ, ತನ್ನದೊಂದು ಮಾತನ್ನು ಕಲಿಸಲು ಒಂದು ದಿನವೂ ತೋಚಿರಲಿಲ್ಲ. ಮೂರು ತಿಂಗಳ ಹಿಂದೆ ಬಂದವಳು ಲೋಟ ಹಿಡಿಸುತ್ತ ಹಿಡಿಸುತ್ತ ಕಲಿಸಿಬಿಟ್ಟಿದ್ದಳು.

ಓಣಿಯಲ್ಲಿ ಹಲೀಮಳ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಪಾಳಿ ಅವಳದ್ದು, ಕುರ್ಚಿ ಅವಳದ್ದು. ಡೊರೊತಿ ಏಳಲಿಲ್ಲ.